ಎರಡು ಸಾವಿರ ಜನರ ತೃಪ್ತಿ

ಮನೆಗೆ ಬಂದವರ ಮನಸ್ಸು ನೋಯಿಸಬಾರದು ಎಂಬುದು ಒಳ್ಳೆಯ ಗುಣ. ಆದರೆ ಅಂಥ ಗುಣ ಒಂದು ನಗರದ ಆಡಳಿತವನ್ನು ಎಷ್ಟರ ಮಟ್ಟಿಗೆ ದಾರಿ ತಪ್ಪಿಸಬಲ್ಲದು ಎಂಬುದನ್ನು ನಾವು ಬೀದಿಯವರೆಲ್ಲ ತೂಕದ ಮೇಸ್ತ್ರಿಗಳ ಪ್ರಕರಣದಲ್ಲಿ ಕಣ್ಣಾರೆ ಕಂಡೆವು.

ಮೇಸ್ತ್ರಿಗಳು ಬಿಸ್ಕತ್ತಿನ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದವರು. ಎರಡನೆಯ ಪಾಳಿ. ಮಧ್ಯಾಹ್ನ ಎರಡಕ್ಕೆ ಹೋದರೆ ರಾತ್ರಿ ಹತ್ತಕ್ಕೆ ಬಿಡುಗಡೆ. ಬೆಲ್ಟಿನ ಮೇಲೆ ಪೊಟ್ಟಣಗಳು ಸಾಲುಗಟ್ಟಿ ಬರುತ್ತವೆ. ಇನ್ನೂರಕ್ಕೆ ಒಂದರಂತೆ ಎತ್ತಿ, ತಕ್ಕಡಿಯ ಮೇಲಿಟ್ಟು, ಬಂದ ತೂಕವನ್ನು ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಆ ಒಂದು ಪೊಟ್ಟಣ ಮೂರು ಗ್ರಾಂ ಕಡಿಮೆ ಬಂದರೂ ಅವರು ಕೆಂಪು ಗುಂಡಿ ಒತ್ತುತ್ತಾರೆ. ಬೆಲ್ಟು ನಿಲ್ಲುತ್ತದೆ, ಇನ್ನೂರನ್ನೂ ಬಿಚ್ಚಿ ನೋಡುತ್ತಾರೆ. ಹತ್ತೊಂಬತ್ತು ವರ್ಷ ಹೀಗೆ ಒಂದರ ಮುಖ ನೋಡಿ ಇನ್ನೂರರ ಹಣೆಬರಹ ಬರೆದ ಮನುಷ್ಯನ ಮಾತಿಗೆ ಗಾಂಭೀರ್ಯ ತಾನಾಗಿಯೇ ಬಂದುಬಿಡುತ್ತದೆ. ಸಾರಿಗೆ ಉಪ್ಪು ಹೆಚ್ಚಾಗಿದೆ ಎನ್ನುವುದನ್ನೂ ಮೇಸ್ತ್ರಿಗಳು ತೀರ್ಪು ಓದುವವರಂತೆ ಹೇಳುತ್ತಿದ್ದರು. ಅವರ ಹೆಂಡತಿ ಆ ತೀರ್ಪಿನ ಮೇಲೆ ಕೂಡಲೇ ಮೇಲ್ಮನವಿ ಸಲ್ಲಿಸಿ ಗೆಲ್ಲುತ್ತಿದ್ದರು ಎನ್ನುವುದು ಬೇರೆ ಮಾತು.

ಅವತ್ತು ಬೆಳಗ್ಗೆ ಹತ್ತೂವರೆಯ ಹೊತ್ತು. ಮೇಸ್ತ್ರಿಗಳು ಬಾಗಿಲಲ್ಲಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಹೆಗಲಿಗೆ ಚೀಲ, ಕೈಯಲ್ಲಿ ಕಾಗದ ಸಿಕ್ಕಿಸಿದ ರಟ್ಟು ಹಿಡಿದ ಒಬ್ಬ ಹುಡುಗಿ ಪಕ್ಕದ ಮನೆಯ ಬೀಗವನ್ನೊಮ್ಮೆ ನೋಡಿ, ಬಿಸಿಲನ್ನೊಮ್ಮೆ ನೋಡಿ, ಇವರ ಮೆಟ್ಟಿಲ ಹತ್ತಿರ ಬಂದಳು.

"ನಮಸ್ಕಾರ ಸರ್. ವಿಶ್ವವಿದ್ಯಾಲಯದಿಂದ ಬಂದಿದ್ದೀನಿ, ರಾಜ್ಯಶಾಸ್ತ್ರ ವಿಭಾಗ. ನಗರದ ಆಡಳಿತದ ಬಗ್ಗೆ ಜನ ಏನಂತಾರೆ ಅಂತ ಒಂದು ಅಧ್ಯಯನ ಮಾಡ್ತಿದ್ದೀವಿ. ಇಪ್ಪತ್ತು ನಿಮಿಷ ಸಾಕು."

ರಾಜ್ಯ, ಶಾಸ್ತ್ರ ಎರಡೂ ಒಂದೇ ಬಾರಿಗೆ ತಮ್ಮ ಮನೆಗೆ ಬಂದದ್ದನ್ನು ಕಂಡು ಮೇಸ್ತ್ರಿಗಳು ಎದ್ದು ನಿಂತರು. ಒಳಗೆ ಕರೆದು, ಫ್ಯಾನು ಹಾಕಿ, ನೀರು ತರಿಸಿದರು. ಹುಡುಗಿ ಒಂದು ಚೀಟಿ ಕೊಟ್ಟಳು. ಅದರಲ್ಲಿ ಐದು ಉತ್ತರಗಳಿದ್ದವು. ಬಹಳ ತೃಪ್ತಿ, ತೃಪ್ತಿ, ಹೇಳಲಾರೆ, ಅತೃಪ್ತಿ, ಬಹಳ ಅತೃಪ್ತಿ. ಯಾವ ಪ್ರಶ್ನೆ ಕೇಳಿದರೂ ಇವುಗಳಲ್ಲಿ ಒಂದನ್ನು ಆರಿಸಬೇಕು.

"ಬೀದಿ ದೀಪದ ಬಗ್ಗೆ ಹೇಗನಿಸತ್ತೆ ಸರ್?"

"ಬಹಳ ತೃಪ್ತಿ."

ಅವರ ಮನೆಯ ಮುಂದಿನ ದೀಪ ಆರಿ ಹದಿನಾಲ್ಕು ತಿಂಗಳಾಗಿತ್ತು. ಪಾಳಿ ಮುಗಿಸಿ ಬಂದಾಗ ಮೇಸ್ತ್ರಿಗಳು ತಮ್ಮ ಬಾಗಿಲನ್ನು ಕೈಯಿಂದ ತಡವಿಯೇ ಪತ್ತೆ ಹಚ್ಚುತ್ತಿದ್ದರು. ಅಡುಗೆಮನೆಯಲ್ಲಿ ಒಂದು ಪಾತ್ರೆ ಸ್ವಲ್ಪ ಜೋರಾಗಿಯೇ ಸದ್ದು ಮಾಡಿತು.

"ನಗರಪಾಲಿಕೆಯ ಚಿಕಿತ್ಸಾಲಯದ ಬಗ್ಗೆ?"

ಇಲ್ಲಿ ಮೇಸ್ತ್ರಿಗಳು ಒಂದು ಕ್ಷಣ ತಡೆದರು. ಚಿಕಿತ್ಸಾಲಯ ಮೂರು ಬೀದಿ ಆಚೆಗೇ ಇದೆ. ಆದರೆ ಅವರಿಗೆ ಕಾರ್ಖಾನೆಯದೇ ಡಾಕ್ಟರಿದ್ದರು. ಪಾಲಿಕೆಯ ಚಿಕಿತ್ಸಾಲಯದ ಹೊಸ್ತಿಲನ್ನು ಅವರು ಜನ್ಮದಲ್ಲಿ ತುಳಿದಿರಲಿಲ್ಲ. 'ಹೇಳಲಾರೆ' ಎನ್ನೋಣವೆಂದರೆ ಹತ್ತೊಂಬತ್ತು ವರ್ಷ ತೂಕ ನೋಡಿದವನಿಗೆ ಅದು ಅವಮಾನ. 'ಅತೃಪ್ತಿ' ಎನ್ನುವುದು ಬಿಸಿಲಲ್ಲಿ ನಡೆದು ಬಂದ ಹೆಣ್ಣುಮಗಳ ಮುಂದೆ ಕುಡಿಯುವ ನೀರಿಲ್ಲ ಎಂದಂತೆ.

"ಬಹಳ ತೃಪ್ತಿ ಅಂತಲೇ ಬರ್ಕೊಳಮ್ಮ."

ಇಪ್ಪತ್ತೆರಡು ಪ್ರಶ್ನೆ, ಇಪ್ಪತ್ತೆರಡು ಬಹಳ ತೃಪ್ತಿ. ಹುಡುಗಿ ತಲೆ ಎತ್ತಿ ನೋಡಿದಳು.

"ಯಾವುದಾದ್ರೂ ಬೇಜಾರಿದ್ರೆ ಹೇಳಬಹುದು ಸರ್. ನಿಮ್ಮ ಹೆಸರು ಎಲ್ಲೂ ಬರಲ್ಲ."

"ಬೇಜಾರು ಯಾಕಮ್ಮ? ನೀನು ಇಷ್ಟು ದೂರ ಬಂದಿದ್ದೀಯ. ಆದ್ರೂ ಒಂದು ಮಾತು. ನಾನೊಬ್ಬ ಹೇಳಿದ್ರೆ ಏನಾಗತ್ತೆ?"

ಹುಡುಗಿ ಕಾಗದ ಮಡಿಸುತ್ತ ಹೇಳಿದಳು. "ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದ್ರೆ ಸಾಕಲ್ವಾ ಸರ್. ಇಡೀ ಊರಲ್ಲಿ ಚೀಟಿ ಎತ್ತಿ ಆರುನೂರು ಮನೆ ಮಾತ್ರ ಆರಿಸಿದ್ದೀವಿ. ಲೆಕ್ಕದಲ್ಲಿ ಒಬ್ಬೊಬ್ಬರು ಎರಡು ಸಾವಿರ ಜನರಿಗೆ ಸಮ."

ಅವಳು ಹೋದ ಮೇಲೆ ಮೇಸ್ತ್ರಿಗಳು ಬಹಳ ಹೊತ್ತು ಒಂದೇ ಬೂಟು ಹಾಕಿಕೊಂಡು ಕೂತಿದ್ದರು.

"ಕೇಳಿದೆಯಾ? ಎರಡು ಸಾವಿರ."

"ಕೇಳಿಸ್ತು," ಎಂದರು ಹೆಂಡತಿ. "ಅಷ್ಟು ಜನಕ್ಕೂ ಬೀದಿ ದೀಪ ಉರೀತಿದೆ ಅಂದ್ರಲ್ಲ, ಅದೂ ಕೇಳಿಸ್ತು."

*

ಆ ವಾರ ಕಾರ್ಖಾನೆಯಲ್ಲಿ ಮೇಸ್ತ್ರಿಗಳು ಪೊಟ್ಟಣ ಎತ್ತುವ ರೀತಿಯೇ ಬದಲಾಯಿತು. ನಿಧಾನವಾಗಿ, ಎರಡೂ ಕೈಯಲ್ಲಿ, ಕೂಸನ್ನು ಎತ್ತಿದ ಹಾಗೆ ಎತ್ತತೊಡಗಿದರು. ಒಂದರೊಳಗೆ ಇನ್ನೂರು ಕೂತಿರುವುದು ಅವರಿಗೆ ಮೊದಲ ಬಾರಿ ಒಳಗಿನಿಂದ ಅರ್ಥವಾಗಿತ್ತು.

ಸುದ್ದಿಯನ್ನು ಬೀದಿಗೆ ಹಂಚಿದವನು ಅವರ ಹೆಂಡತಿಯ ತಮ್ಮ. ನಗರಪಾಲಿಕೆಯಲ್ಲಿ ಟಪಾಲು ರವಾನೆ ಮಾಡುವ ಗುಮಾಸ್ತ. ಯಾವ ಲಕೋಟೆಯನ್ನೂ ಬಿಚ್ಚದೆ ಅದರೊಳಗೆ ಏನಿದೆ ಎಂದು ಹೇಳಬಲ್ಲೆ ಎಂಬ ನಂಬಿಕೆಯವನು.

"ಭಾವ, ಇದನ್ನ ಸಣ್ಣ ವಿಷಯ ಅಂದ್ಕೋಬೇಡಿ," ಎಂದ. "ನಮ್ಮ ವಾರ್ಡಿನ ಸದಸ್ಯರು ಗೆದ್ದಿದ್ದೇ ಹದಿನೇಳು ನೂರು ವೋಟಲ್ಲಿ. ನಿಮ್ಮ ಹತ್ರ ಎರಡು ಸಾವಿರ ಇದೆ, ಅದೂ ಖರ್ಚಿಲ್ಲದೆ."

ಈಗ ಒಂದು ತೊಡಕು ಎದ್ದಿತು. ಆ ಎರಡು ಸಾವಿರ ಜನ ಯಾರು ಯಾರು? ಹುಡುಗಿ ಪಟ್ಟಿ ಕೊಟ್ಟಿರಲಿಲ್ಲ. ಮೇಸ್ತ್ರಿಗಳು ಎರಡು ದಿನ ಬೆಳಗ್ಗೆ ನಡೆದಾಡಿ ಮನೆ ಎಣಿಸಿದರು. ನಮ್ಮ ಬೀದಿಯಿಂದ ನೀರಿನ ಟ್ಯಾಂಕಿನ ತನಕ ಸೇರಿಸಿದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಯಿತು. ಟ್ಯಾಂಕಿನ ಆಚೆಗಿದ್ದ ಸೈಕಲ್ ಅಂಗಡಿಯವನು ಮಾತ್ರ ಹೊರಗುಳಿದ. ಅವನು ಮನೆಗೇ ಬಂದು ಕೇಳಿದ.

"ನನ್ನನ್ನ ಯಾಕೆ ಬಿಟ್ರಿ ಮೇಸ್ತ್ರಿ? ಪಂಕ್ಚರ್ ಹಾಕೋವಾಗ ನಾನು ಬೇಕು, ಎರಡು ಸಾವಿರದಲ್ಲಿ ಮಾತ್ರ ಬೇಡವಾ?"

"ನಿನ್ನನ್ನ ಬೇರೆ ಯಾರಾದ್ರೂ ಇಟ್ಕೊಂಡಿರ್ತಾರಪ್ಪ. ಆರುನೂರು ಜನ ಇದ್ದೀವಿ. ವಿಚಾರಿಸು."

ಅಲ್ಲಿಂದ ಮುಂದೆ ದಿನವೂ ಬೆಳಗ್ಗೆ ನಾಲ್ಕಾರು ಜನ ಬಾಗಿಲಲ್ಲಿ ನಿಲ್ಲತೊಡಗಿದರು. ಒಬ್ಬರಿಗೆ ಚರಂಡಿಯ ದೂರು, ಒಬ್ಬರಿಗೆ ನಾಯಿಯ ದೂರು, ಮತ್ತೊಬ್ಬರಿಗೆ ಅಳಿಯನ ದೂರು. ಮೇಸ್ತ್ರಿಗಳು ಎಲ್ಲರ ಮಾತನ್ನೂ ಕಣ್ಣುಮುಚ್ಚಿ ಕೇಳಿ, "ಗಮನಕ್ಕೆ ಬಂತು" ಎನ್ನುತ್ತಿದ್ದರು. ಅಳಿಯನ ವಿಷಯವೂ ಗಮನಕ್ಕೆ ಬಂತು. ಯಾವುದಕ್ಕೂ ಪರಿಹಾರ ಸಿಗಲಿಲ್ಲ. ಆದರೆ ಜನ ಸಮಾಧಾನದಿಂದಲೇ ಹಿಂತಿರುಗುತ್ತಿದ್ದರು. ಆಡಳಿತದಲ್ಲಿ ಇದೂ ಒಂದು ದೊಡ್ಡ ಕೆಲಸವೇ ಎಂದು ಬಲ್ಲವರು ಹೇಳುತ್ತಾರೆ.

ಮೂರನೆಯ ವಾರ ವಾರ್ಡಿನ ಸದಸ್ಯರೇ ಬಂದರು. ಚುನಾವಣೆ ಇಲ್ಲದ ಕಾಲದಲ್ಲಿ ಅವರು ಯಾರದಾದರೂ ಮೆಟ್ಟಿಲು ಹತ್ತಿದ್ದನ್ನು ನಾವು ಅದುವರೆಗೆ ಕಂಡಿರಲಿಲ್ಲ. ಅವರು ಕುರ್ಚಿಯ ತುದಿಯಲ್ಲಿ ಕೂತು ಚಹಾ ಹಿಡಿದುಕೊಂಡರು.

"ಎರಡು ಸಾವಿರ ಜನ ನಿಮ್ಮ ಹಿಂದಿದ್ದಾರಂತೆ?"

"ಹಿಂದೆ ಅಂತಲ್ಲ ಸರ್. ನನ್ನೊಳಗೇ ಇದ್ದಾರೆ ಅನ್ನೋ ಲೆಕ್ಕ."

ಸದಸ್ಯರು ಈ ಮಾತನ್ನು ಚಹಾದ ಜೊತೆ ನಿಧಾನವಾಗಿ ನುಂಗಿದರು. ಅವರ ಇಪ್ಪತ್ತು ವರ್ಷದ ರಾಜಕೀಯದಲ್ಲಿ ಇಷ್ಟು ದೊಡ್ಡ ಮಾತನ್ನು ಇಷ್ಟು ಮೆಲ್ಲಗೆ ಯಾರೂ ಆಡಿರಲಿಲ್ಲ.

"ಹೇಗೆ ಸೇರಿಸಿದ್ರಿ?"

"ನಾನೇನೂ ಸೇರಿಸಿಲ್ಲ. ಚೀಟಿ ಎತ್ತಿದ್ರು, ನನ್ನ ಪಾಲಿಗೆ ಬಂದ್ರು."

"ಯಾವ ಪಕ್ಷ?"

"ರಾಜ್ಯಶಾಸ್ತ್ರ."

ಸದಸ್ಯರು ಆ ಹೆಸರಿನ ಪಕ್ಷವನ್ನು ಕೇಳಿರಲಿಲ್ಲ. ಆದರೆ ಪಕ್ಷಗಳು ದಿನಕ್ಕೊಂದು ಹುಟ್ಟುವ ಕಾಲ. ಗೊತ್ತಿಲ್ಲ ಎನ್ನುವುದು ಅವರಿಗೂ ಕಷ್ಟವೇ. ತಲೆಯಾಡಿಸಿದರು.

"ನಮ್ಮ ಕೆಲಸದ ಬಗ್ಗೆ ಏನಂತಾರೆ, ನಿಮ್ಮ ಜನ?"

"ಬಹಳ ತೃಪ್ತಿ."

"ಎರಡು ಸಾವಿರವೂ?"

"ಒಬ್ಬರನ್ನೂ ಬಿಡದ ಹಾಗೆ."

ಸದಸ್ಯರು ಹಗುರವಾಗಿ ಎದ್ದರು. ಹೋಗುವಾಗ ಕತ್ತೆತ್ತಿ ಕಂಬ ನೋಡಿದರು. ಮಾರನೆಯ ದಿನ ಹದಿನಾಲ್ಕು ತಿಂಗಳಿಂದ ಆರಿದ್ದ ದೀಪ ಹೊತ್ತಿಕೊಂಡಿತು. ಮೇಸ್ತ್ರಿಗಳಿಗೆ ತಾವು ಹೇಳಿದ್ದು ಸುಳ್ಳಲ್ಲ, ಸ್ವಲ್ಪ ಮುಂಚಿತವಾಗಿ ಹೇಳಿದ ನಿಜ ಎಂದು ಅನ್ನಿಸಿತು.

*

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ, ಮೇಸ್ತ್ರಿಗಳು ಊಟಕ್ಕೆ ಕೂತಿದ್ದಾಗ, ಭಾವಮೈದುನ ಪತ್ರಿಕೆ ಹಿಡಿದುಕೊಂಡು ಬಂದ.

"ಭಾವ, ನಿಮ್ಮ ಮಾತು ಮೇಲಕ್ಕೆ ಮುಟ್ಟಿತು. ಕೇಳಿ." ನಿಂತೇ ಓದಿದ. ವಿಶ್ವವಿದ್ಯಾಲಯದ ಅಧ್ಯಯನದ ಪ್ರಕಾರ ನೂರಕ್ಕೆ ಎಪ್ಪತ್ತೊಂದು ಮಂದಿ ನಗರದ ಚಿಕಿತ್ಸಾಲಯಗಳ ಬಗ್ಗೆ ತೃಪ್ತರು. ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಮಾತ್ರ ತೆರೆಯುವ ಚಿಕಿತ್ಸಾಲಯಗಳನ್ನು ಮಧ್ಯಾಹ್ನವೂ ತೆರೆಯಬೇಕೆಂಬ ಪ್ರಸ್ತಾವ ಒಂದಿತ್ತು. ಜನರೇ ತೃಪ್ತರಾಗಿರುವಾಗ ಅದರ ಅಗತ್ಯವಿಲ್ಲ ಎಂದು ಅಧಿಕಾರಿಗಳು ಅಭಿಪ್ರಾಯಪಟ್ಟಿದ್ದಾರೆ. ಮುಂದಿನ ತಿಂಗಳ ಸಭೆಯಲ್ಲಿ ಅಂತಿಮ ತೀರ್ಮಾನ.

"ನೂರಕ್ಕೆ ಎಪ್ಪತ್ತೊಂದರಲ್ಲಿ ನೀವೂ ಇದ್ದೀರಿ," ಎಂದ, ಹೆಮ್ಮೆಯಿಂದ.

ಅಷ್ಟರಲ್ಲಿ ಹೊರಗೆ ಯಾರೋ ಕೂತ ಸದ್ದಾಯಿತು. ಪಕ್ಕದ ಮನೆಯ ಹೊಲಿಗೆಯಕ್ಕ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಒಬ್ಬರೇ ಬದುಕುತ್ತಿದ್ದ ಹೆಂಗಸು. ಉಬ್ಬಸ, ವಾರಕ್ಕೊಮ್ಮೆ ಚಿಕಿತ್ಸಾಲಯದಿಂದ ಮಾತ್ರೆ, ಎಳೆದುಕೊಳ್ಳುವ ಔಷಧಿ ತರಬೇಕು. ತಮ್ಮ ಬಾಗಿಲವರೆಗೆ ನಡೆಯಲಾರದೆ ಇವರ ಮೆಟ್ಟಿಲಲ್ಲೇ ಕೂತುಬಿಟ್ಟಿದ್ದರು. ಮೇಸ್ತ್ರಿಗಳ ಹೆಂಡತಿ ಓಡಿಹೋಗಿ ಬೆನ್ನು ನೀವಿದರು.

"ಮೂರು ಗಂಟೆ ನಿಂತೆ," ಎಂದರು ಹೊಲಿಗೆಯಕ್ಕ, ಒಂದೊಂದು ಮಾತಿಗೂ ನಿಲ್ಲುತ್ತ. "ಮುಂದೆ ಇನ್ನಿಬ್ಬರಿದ್ರು. ಹನ್ನೆರಡಾಯ್ತು, ಕಿಟಕಿ ಹಾಕಿದ್ರು. ಮೂರನೇ ಸಲ ಇದು."

ಮೇಸ್ತ್ರಿಗಳ ಹೆಂಡತಿ ಗಂಡನ ಕಡೆ ಒಮ್ಮೆ ನೋಡಿದರು. ಮೂವತ್ತು ವರ್ಷ ಸಂಸಾರ ಮಾಡಿದವರ ನೋಟಕ್ಕೆ ಮಾತಿನ ಅಗತ್ಯವಿರುವುದಿಲ್ಲ. ಮೇಸ್ತ್ರಿಗಳು ತಟ್ಟೆ ಸರಿಸಿ ಕೈತೊಳೆದರು.

ಅವತ್ತು ಬೆಲ್ಟಿನ ಮುಂದೆ ಅವರು ಸರಿಯಾಗಿ ತೂಗಿದ ಒಂದು ಪೊಟ್ಟಣಕ್ಕೆ ಕೆಂಪು ಗುಂಡಿ ಒತ್ತಿದರು. ಇನ್ನೂರನ್ನೂ ಬಿಚ್ಚಿ ನೋಡಿದರು. ಒಂದರಲ್ಲೂ ಅರ್ಧ ಗ್ರಾಂ ತಪ್ಪಿರಲಿಲ್ಲ. ಏನಾಯಿತು ಎಂದು ಮೇಲ್ವಿಚಾರಕರು ಕೇಳಿದರು.

"ಪೊಟ್ಟಣ ಸರಿ ಇದೆ ಸರ್," ಎಂದರು ಮೇಸ್ತ್ರಿಗಳು. "ನಾನು ಸರಿ ಇಲ್ಲ. ನಾಳೆ ರಜಾ ಕೊಡಿ."

*

ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ವಿಭಾಗದ ಬಾಗಿಲಲ್ಲಿ ಒಬ್ಬ ಹಿರಿಯ ಗುಮಾಸ್ತರು ಕೂತಿದ್ದರು. ಯಾವುದಕ್ಕೂ ಆಶ್ಚರ್ಯಪಡುವ ಅಭ್ಯಾಸ ಅವರಿಗೆ ಬಿಟ್ಟುಹೋಗಿತ್ತು.

"ಏನಾಗಬೇಕಿತ್ತು?"

"ಎರಡು ಸಾವಿರ ಜನರನ್ನ ವಾಪಸ್ ತಗೊಂಡು ಹೋಗೋಣ ಅಂತ ಬಂದೆ."

"ಅರ್ಜಿ ತಂದಿದ್ದೀರಾ?"

"ಇಲ್ಲ."

"ಎರಡು ಪ್ರತಿ ಬರೀರಿ. ಯಾವ ವರ್ಷದ ಬ್ಯಾಚು?"

"ಈ ವರ್ಷದ್ದೇ ಸರ್. ಇಡೀ ಬ್ಯಾಚೇ ಕೆಟ್ಟಿದೆ."

"ಅದು ನಮಗೂ ಗೊತ್ತು," ಎಂದರು ಗುಮಾಸ್ತರು. "ಪರೀಕ್ಷೆ ಆಗಲಿ, ನೋಡೋಣ."

ಈ ಮಾತುಕತೆ ಇನ್ನೂ ಎಷ್ಟು ದೂರ ಹೋಗುತ್ತಿತ್ತೋ. ಒಳಗಿನಿಂದ ಪ್ರಾಧ್ಯಾಪಕರು ಬಂದು ಮೇಸ್ತ್ರಿಗಳನ್ನು ತಮ್ಮ ಕೋಣೆಗೆ ಕರೆದೊಯ್ದರು. ಮೆದು ಮಾತಿನ, ತೆಳ್ಳನೆಯ ಮನುಷ್ಯ. ಜನರಿಗೆ ಏನು ಬೇಕು ಎಂಬುದು ಸರ್ಕಾರಕ್ಕೆ ಹೇಗೆ ತಿಳಿಯುತ್ತದೆ ಎನ್ನುವುದನ್ನು ಮೂವತ್ತು ವರ್ಷದಿಂದ ಅಧ್ಯಯನ ಮಾಡುತ್ತಿದ್ದರು. ಗೋಡೆಯ ಮೇಲೆ ಒಂದು ದೊಡ್ಡ ನಕ್ಷೆ. ಅದರ ತುಂಬ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು.

"ಇದರಲ್ಲಿ ನಾನೆಲ್ಲಿದ್ದೀನಿ ಸರ್?"

ಪ್ರಾಧ್ಯಾಪಕರು 'ಜನಾಭಿಪ್ರಾಯ' ಎಂದು ಬರೆದಿದ್ದ ಚೌಕ ತೋರಿಸಿದರು. ಅಲ್ಲಿಂದ ಹೊರಟ ಬಾಣ 'ನೀತಿ' ಎಂಬ ಚೌಕಕ್ಕೆ ನೇರವಾಗಿ ಚುಚ್ಚಿತ್ತು. ಮೇಸ್ತ್ರಿಗಳು ಆ ಬಾಣವನ್ನೇ ನೋಡುತ್ತ ಕೂತರು. ಆಮೇಲೆ ನಡೆದದ್ದನ್ನೆಲ್ಲ ಒಪ್ಪಿಕೊಂಡರು. ಬಿಸಿಲು, ನೀರು, ಬೀದಿ ದೀಪ, ತುಳಿಯದ ಹೊಸ್ತಿಲು.

"ನಿಮ್ಮೊಬ್ಬರಿಂದ ಏನೂ ಆಗಿಲ್ಲ, ಬೇಜಾರು ಮಾಡ್ಕೋಬೇಡಿ," ಎಂದರು ಪ್ರಾಧ್ಯಾಪಕರು. "ನಿಮ್ಮ ಉತ್ತರ ತೆಗೆದುಹಾಕಿದ್ರೂ ಎಪ್ಪತ್ತೊಂದು ಎಪ್ಪತ್ತೊಂದಾಗೇ ಉಳಿಯತ್ತೆ."

"ನಮ್ಮಲ್ಲಿ ಒಂದು ತಪ್ಪಿದ್ರೆ ಇನ್ನೂರೂ ಬಿಚ್ತೀವಿ ಸರ್."

ಪ್ರಾಧ್ಯಾಪಕರು ನಕ್ಕರು. ಆದರೆ ಎದುರಿಗಿದ್ದವರು ನಗಲಿಲ್ಲ. ಅದಕ್ಕೆ ಅವರು ಎದ್ದು, ಕಪಾಟಿನಿಂದ ಒಂದು ಕಟ್ಟು ತೆಗೆದು, ಮೇಸ್ತ್ರಿಗಳ ಬೀದಿಯ ಹಾಳೆ ಹುಡುಕಿದರು.

"ಮನೆ ನಂಬರ್ ಇಪ್ಪತ್ಮೂರು, ಅಲ್ವಾ?"

"ನಂದು ಇಪ್ಪತ್ನಾಲ್ಕು."

ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಣ್ಣ ಅಕ್ಷರವಿತ್ತು. ಇಪ್ಪತ್ತಮೂರು ಬೀಗ. ಬದಲಿ ಇಪ್ಪತ್ತನಾಲ್ಕು.

"ಅಂದ್ರೆ ಚೀಟಿಯಲ್ಲಿ ನಾನಿರಲಿಲ್ಲ."

"ಇರಲಿಲ್ಲ. ಪಕ್ಕದ ಮನೆ ಬಂದಿತ್ತು."

ಚರಿತ್ರೆಯಲ್ಲಿ ಎಷ್ಟೋ ಜನ ಅಧಿಕಾರ ಕಳೆದುಕೊಂಡಿದ್ದಾರೆ. ಅದಕ್ಕೆ ಸೈನ್ಯ ಬೇಕಾಗಿತ್ತು, ದಂಗೆ ಬೇಕಾಗಿತ್ತು. ಪೆನ್ಸಿಲಿನ ನಾಲ್ಕು ಮಾತಿಗೆ ಎರಡು ಸಾವಿರ ಜನರನ್ನು ಒಂದೇ ಉಸಿರಿನಲ್ಲಿ ಕಳೆದುಕೊಂಡವರು ನಮ್ಮ ಮೇಸ್ತ್ರಿಗಳೊಬ್ಬರೇ ಇರಬೇಕು.

ಹುಡುಗಿಯನ್ನು ಕರೆಸಿದರು. ಅವಳು ಹಾಳೆ ನೋಡಿದ ಕೂಡಲೇ ಮುಖ ಇಳಿಬಿಟ್ಟಳು.

"ಮೂರು ಸಲ, ಬೇರೆ ಬೇರೆ ದಿನ ಹೋಗಬೇಕಿತ್ತು ಸರ್. ನಾನು ಒಂದೇ ಸಲ ಹೋದೆ. ಅವತ್ತು ಒಂಬತ್ತು ಮನೆ ಇತ್ತು."

"ಬೈಬೇಡಿ ಸರ್," ಎಂದರು ಮೇಸ್ತ್ರಿಗಳು. "ತುಂಬ ಬಿಸಿಲಿತ್ತು." ಆಮೇಲೆ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹೇಳುವ ದನಿಯಲ್ಲಿ ಅವಳ ಕಡೆ ತಿರುಗಿದರು. "ಆದ್ರೆ ತಾಯಿ, ಕೈಗೆ ಹತ್ತಿರ ಇರೋ ಪೊಟ್ಟಣ ಎತ್ತಬಾರದು. ನಮ್ಮಲ್ಲಿ ಮೊದಲನೇ ದಿನ ಹೇಳ್ಕೊಡೋದೇ ಅದು. ಕೈಗೆ ಸಿಗೋದು ಯಾವಾಗಲೂ ಸರಿಯಾಗೇ ಇರತ್ತೆ. ನೀನು ಬಂದಾಗ ಪಕ್ಕದ ಮನೆ ಅಕ್ಕ ಎಲ್ಲಿದ್ರು ಗೊತ್ತಾ?"

"ಇಲ್ಲ ಸರ್."

"ಚಿಕಿತ್ಸಾಲಯದ ಸಾಲಲ್ಲಿ. ಅವತ್ತು ಅವರು ಔಷಧಿ ತರೋ ದಿನ. ಬೆಳಗ್ಗೆ ಹತ್ತೂವರೆಗೆ ಸಾಲಲ್ಲಿ ನಿಂತಿರೋರು ಮನೇಲಿ ಹೇಗೆ ಸಿಗ್ತಾರೆ?"

ಪ್ರಾಧ್ಯಾಪಕರು ಎತ್ತಿದ ಲೋಟವನ್ನು ಕುಡಿಯದೆ ಕೆಳಗಿಟ್ಟರು. ಆಮೇಲೆ ಅವರು ಕಪಾಟಿನ ಎರಡೂ ಬಾಗಿಲು ತೆರೆದರು.

ಆರುನೂರು ಹಾಳೆ ನೆಲದ ಮೇಲೆ ಹರಡಿಕೊಂಡವು. ಮೂವರೂ ಕೂತು ವಿಂಗಡಿಸಿದರು. ಈ ಕೆಲಸದಲ್ಲಿ ಮೇಸ್ತ್ರಿಗಳ ಕೈ ಪ್ರಾಧ್ಯಾಪಕರ ಕೈಗಿಂತ ಚುರುಕಾಗಿತ್ತು. ಸಂಜೆಯ ಹೊತ್ತಿಗೆ ಲೆಕ್ಕ ಸಿಕ್ಕಿತು. ನೂರ ಅರವತ್ತಮೂರು ಮನೆ ಬೀಗ ಹಾಕಿದ್ದವು. ಅವುಗಳ ಬದಲಿಗೆ ಪಕ್ಕದ ಮನೆಯವರನ್ನು ಕೇಳಲಾಗಿತ್ತು. ನೂರ ಹದಿನೆಂಟು ಬೀಗ ಬೆಳಗ್ಗೆ ಒಂಬತ್ತರಿಂದ ಹನ್ನೆರಡರ ಒಳಗಿನವು.

"ಇವರೆಲ್ಲ ಚಿಕಿತ್ಸಾಲಯದಲ್ಲೇ ಇದ್ರು ಅಂತ ಹೇಳೋಕಾಗಲ್ಲ," ಎಂದರು ಪ್ರಾಧ್ಯಾಪಕರು, ಮೊಣಕಾಲು ಉಜ್ಜಿಕೊಳ್ಳುತ್ತ. "ಕೆಲವರು ಕೆಲಸಕ್ಕೆ ಹೋಗಿರ್ತಾರೆ. ಆದ್ರೆ ಇರಲಿಲ್ಲ ಅಂತಲೂ ನಾನು ಇನ್ನು ಹೇಳಲಾರೆ." ಅವತ್ತೇ ಪಾಲಿಕೆಗೆ ಪತ್ರ ಬರೆದರು. ವರದಿಯನ್ನು ಸದ್ಯಕ್ಕೆ ನೆಚ್ಚಬೇಡಿ, ಸಭೆಗೆ ಮೊದಲು ತಿದ್ದಿ ಕೊಡುತ್ತೇವೆ. ಮೂವತ್ತು ವರ್ಷದ ಮೇಷ್ಟ್ರು ತಾನು ತಪ್ಪಿದೆ ಎಂದು ಕೈಯಾರೆ ಬರೆಯುವುದು ಸುಲಭವಲ್ಲ. ಅವರು ಮೂರು ಹಾಳೆ ಹರಿದು ನಾಲ್ಕನೆಯದಕ್ಕೆ ಸಹಿ ಹಾಕಿದರು.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿ ಹೇಳಿದ್ದು ಇಷ್ಟು. "ಅಗುಳು ನೋಡೋದು ಸರಿಯೇ ರೀ. ಸೌಟನ್ನ ತಳಕ್ಕೆ ಹಾಕದೆ ಮೇಲಿಂದ ಎರಡು ಅಗುಳು ತೆಗೆದ್ರೆ ಏನು ಗೊತ್ತಾಗತ್ತೆ? ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ."

*

ಮಾರನೆಯ ಬೆಳಗ್ಗೆ ಮೇಸ್ತ್ರಿಗಳು ಪಕ್ಕದ ಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತರು. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು.

"ಅಕ್ಕ, ನೀವು ಹೇಳಬೇಕಾಗಿದ್ದ ಮಾತು ನಾನು ಹೇಳಿಬಿಟ್ಟೆ."

ನಡೆದದ್ದನ್ನು ವಿವರಿಸಿದರು. ಹೊಲಿಗೆಯಕ್ಕ ಕಾಲು ನಿಲ್ಲಿಸಿ, ಹಲ್ಲಲ್ಲಿ ದಾರ ಕಡಿದು ಕೇಳಿದರು.

"ಏನಂತ ಹೇಳಿದ್ರಿ?"

"ಬಹಳ ತೃಪ್ತಿ ಅಂತ."

"ಯಾವತ್ತಾದ್ರೂ ಅಲ್ಲಿಗೆ ಹೋಗಿದ್ದೀರಾ?"

"ಇಲ್ಲಕ್ಕ."

"ಹಾಗಿದ್ರೆ ನೀವು ಹೇಳಿದ್ದು ಸರೀನೇ. ಹೋಗದೇ ಇರೋರಿಗೆ ತೃಪ್ತಿನೇ ಇರತ್ತೆ."

ಅವರು ಮತ್ತೆ ಬಟ್ಟೆ ಎಳೆದುಕೊಂಡರು. ಮೇಸ್ತ್ರಿಗಳಿಗೆ ಬೈಸಿಕೊಂಡಿದ್ದರೆ ಹಗುರವಾಗುತ್ತಿತ್ತು.

ಬೀಗದ ಮನೆಗಳನ್ನು ಮತ್ತೆ ಕೇಳಲು ಹೊರಟ ಹುಡುಗಿ ಈ ಸಲ ನಿಯಮವನ್ನು ಒಂದಕ್ಷರ ತಪ್ಪಿಸಲಿಲ್ಲ. ಸೋಮವಾರ ಬೆಳಗ್ಗೆ ಬಂದಳು, ಬೀಗ. ಹೊಲಿಗೆಯಕ್ಕ ಸಾಲಿನಲ್ಲಿದ್ದರು, ಅವತ್ತೂ ಔಷಧಿ ಸಿಗಲಿಲ್ಲ. ಮಂಗಳವಾರ ಮಧ್ಯಾಹ್ನ ಬಂದಳು, ಬೀಗ. ಶಾಲೆಗೆ ಬಟ್ಟೆ ಒಪ್ಪಿಸಲು ಹೋಗಿದ್ದರು. ಮಿಕ್ಕ ಹೊತ್ತೆಲ್ಲ ಬೇರೆ ಮನೆಗಳಿಗೆ, ಇಲ್ಲಿಗೆ ಉಳಿದದ್ದು ಗುರುವಾರ ಬೆಳಗ್ಗೆ ಒಂದೇ. ಶುಕ್ರವಾರ ಹಾಳೆಗಳನ್ನೆಲ್ಲ ಒಪ್ಪಿಸಬೇಕು. ಅವತ್ತೂ ತಪ್ಪಿದರೆ ಮತ್ತೆ ಬದಲಿ.

"ಸಾಲಲ್ಲೇ ಬಂದು ಕೇಳಮ್ಮ," ಎಂದರು ಮೇಸ್ತ್ರಿಗಳು.

"ಆಗಲ್ಲ ಸರ್. ಮನೇಲಿ, ಅವರೊಬ್ಬರನ್ನೇ ಕೇಳಬೇಕು. ಪಕ್ಕದಲ್ಲಿ ನಿಂತೋರು ಉತ್ತರ ಹೇಳಿಬಿಡ್ತಾರೆ."

ಹೀಗೆ ಹೇಳುವಾಗ ಅವಳು ಯಾರನ್ನೂ ನೋಡಲಿಲ್ಲ. ಆದರೂ ಮೇಸ್ತ್ರಿಗಳು ತಲೆ ತಗ್ಗಿಸಿದರು.

ಹೊಲಿಗೆಯಕ್ಕ ಅರ್ಧರ್ಧ ಮಾಡಿ ಉಳಿಸಿಕೊಂಡಿದ್ದ ಔಷಧಿಯೂ ಬುಧವಾರವೇ ಮುಗಿದಿತ್ತು. ಗುರುವಾರ ಮನೆಯಲ್ಲಿ ಕೂತರೆ ಔಷಧಿ ಇಲ್ಲ, ಸಾಲಿಗೆ ಹೋದರೆ ಮಾತಿಲ್ಲ. "ಪ್ರಶ್ನೆ ಯಾರ ಹೊಟ್ಟೆ ತುಂಬಿಸತ್ತೆ? ನಾನು ಹೋಗ್ತೀನಿ," ಎಂದು ಅವರು ಚೀಲ ಎತ್ತಿಕೊಂಡಾಗ, ಮೇಸ್ತ್ರಿಗಳು ಆ ಚೀಲ ಕೇಳಿ ಇಸಿದುಕೊಂಡರು.

"ನೀವು ಮನೇಲಿರಿ ಅಕ್ಕ. ನಿಲ್ಲೋದು ನಾನು ನಿಲ್ತೀನಿ. ಮಾತಾಡೋದು ನೀವು ಮಾತಾಡಿ."

ಎಂಟೂಕಾಲಿಗೆ ಅವರು ಚಿಕಿತ್ಸಾಲಯ ಮುಟ್ಟಿದಾಗ ಆಗಲೇ ನಲವತ್ತಮೂರು ಜನ ಇದ್ದರು. ಕೂರಲು ಜಾಗವಿರಲಿಲ್ಲ. ಬಾಗಿಲಿನಿಂದ ಗೇಟಿನವರೆಗೆ ನೆರಳಿರಲಿಲ್ಲ. ಮುಂದೆ ಒಬ್ಬ ಮುದುಕರು ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಬದಲಾಯಿಸುತ್ತಲೇ ಇದ್ದರು. ಹಿಂದೆ ಒಬ್ಬಳು ತಾಯಿ, ಹೆಗಲ ಮೇಲೆ ಜ್ವರದ ಮಗು. ಸಾಲು ಗಂಟೆಗೆ ಹದಿನೈದು ಜನರಂತೆ ಸರಿಯುತ್ತಿತ್ತು. ಮೇಸ್ತ್ರಿಗಳು ಎಣಿಸಿ, ಗುಣಿಸಿ, ಮತ್ತೊಮ್ಮೆ ಎಣಿಸಿದರು. ಅವರ ಸರದಿ ಬರುವುದಕ್ಕೂ ಹನ್ನೆರಡು ಹೊಡೆಯುವುದಕ್ಕೂ ಮೂರು ಜನರ ವ್ಯತ್ಯಾಸವೂ ಇರಲಿಲ್ಲ. ತಮ್ಮ ಒಂದು 'ಬಹಳ ತೃಪ್ತಿ'ಯ ಅಗಲ ಎಷ್ಟು ಎಂದು ಅವರಿಗೆ ಅವತ್ತು ಕಾಲಿನಿಂದ ತಿಳಿಯಿತು.

ಹನ್ನೊಂದೂ ಮುಕ್ಕಾಲಿಗೆ ಹೊಲಿಗೆಯಕ್ಕ ನಿಧಾನವಾಗಿ ಬಂದರು. ಉಸಿರು ಸಿಕ್ಕಿಕೊಳ್ಳುತ್ತಿದ್ದುದರಿಂದ ಹುಡುಗಿ ತೋಳು ಹಿಡಿದುಕೊಂಡಿದ್ದಳು. ಮೇಸ್ತ್ರಿಗಳು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ತಕ್ಷಣ ಹಿಂದಿನಿಂದ ಒಬ್ಬ ಕೂಗಿದ.

"ಸಾಲಲ್ಲಿ ಬದಲಿ ಇಲ್ಲ ರೀ. ಯಾರು ನಿಂತಿದ್ರೋ ಅವರಿಗೇ."

ನಿಯಮ ಸರಿಯಾದದ್ದೇ. ಮಗು ಹೊತ್ತ ತಾಯಿ ಹಿಂದಕ್ಕೆ ತಿರುಗಿ ನೋಡಿದಳು.

"ಆ ಅಕ್ಕ ನಾಲ್ಕು ವಾರದಿಂದ ಬಂದು ಬರಿಗೈಲಿ ಹೋಗ್ತಿದ್ದಾರೆ. ಅವರ ಹಿಂದೆ ನಿಂತಿರೋದು ನಾನು. ನನಗೆ ತೊಂದರೆ ಇಲ್ಲ. ನಿನಗ್ಯಾಕೆ?"

ಹೊಲಿಗೆಯಕ್ಕ ಒಳಗೆ ಹೋದರು, ಔಷಧಿ ತೆಗೆದುಕೊಂಡರು. ತಾಯಿಗೂ ಸಿಕ್ಕಿತು. ಆಮೇಲೆ ಕಿಟಕಿ ಮುಚ್ಚಿತು. ಹೊರಗೆ ಉಳಿದವರು ಹತ್ತೊಂಬತ್ತು ಮಂದಿ. ಯಾರೂ ಜಗಳವಾಡಲಿಲ್ಲ. ಚೀಟಿಗಳನ್ನು ಮಡಿಸಿಕೊಂಡು, ಅಭ್ಯಾಸವಿದ್ದವರಂತೆ ಹೊರಟರು. ಹುಡುಗಿ ಗೇಟಿನ ಬಳಿ ನಿಂತು ನೋಡುತ್ತಲೇ ಇದ್ದಳು.

"ಹತ್ತೊಂಬತ್ತು," ಎಂದರು ಮೇಸ್ತ್ರಿಗಳು. "ಬರ್ಕೊಳಮ್ಮ."

"ಇದಕ್ಕೆ ಪ್ರಶ್ನೆ ಇಲ್ಲ ಸರ್," ಎಂದಳು. ಹಾಳೆ ತಿರುಗಿಸಿ, ಬಿಳಿ ಬದಿಯಲ್ಲಿ ಬರೆದುಕೊಂಡಳು.

ಮನೆಯಲ್ಲಿ ಏನು ಹೇಳಿದಿರಿ ಎಂದು ಹೊಲಿಗೆಯಕ್ಕನನ್ನು ಕೇಳಲು ಮೇಸ್ತ್ರಿಗಳಿಗೆ ದಾರಿಯುದ್ದಕ್ಕೂ ನಾಲಿಗೆ ತುರಿಸಿತು. ಕೇಳಲಿಲ್ಲ.

ತಿದ್ದಿದ ವರದಿಯಲ್ಲಿ ಎಪ್ಪತ್ತೊಂದು ಹೋಗಿ ಐವತ್ತನಾಲ್ಕು ಬಂತು. ಚಿಕಿತ್ಸಾಲಯಕ್ಕೆ ನಿಜವಾಗಿ ಹೋಗುವವರನ್ನಷ್ಟೇ ಲೆಕ್ಕ ಹಾಕಿದರೆ ಇಪ್ಪತ್ತೆಂಟು. ಪಾಲಿಕೆಯವರು ಇದನ್ನು ಒಪ್ಪಲೂ ಇಲ್ಲ, ತಳ್ಳಲೂ ಇಲ್ಲ. ಪ್ರಾಯೋಗಿಕವಾಗಿ ಮಂಗಳವಾರ, ಶುಕ್ರವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ತೆರೆಯಲು ಒಪ್ಪಿದರು. ಇದು ತಮ್ಮ ಬಹುದಿನದ ಕನಸು ಎಂದು ವಾರ್ಡಿನ ಸದಸ್ಯರು ಪತ್ರಿಕೆಗೆ ಹೇಳಿದರು. ಭಾವಮೈದುನ ಅದನ್ನೂ ತಂದು ಓದಿದ.

ಎರಡು ವಾರದ ಮೇಲೆ ಮೇಸ್ತ್ರಿಗಳು ಕೇಳಿದರು. "ಈಗ ಹೇಗಿದೆ ಅಕ್ಕ?"

"ಅರ್ಧ ಗಂಟೇಲಿ ಸಿಗತ್ತೆ ಔಷಧಿ. ಕೂರೋಕೆ ಏನೂ ಇಲ್ಲ, ಅದೊಂದು ಕಷ್ಟ. ನೀವು ಸದಸ್ಯರಿಗೆ ಹೇಳಿ, ನಿಮಗೆ ಪರಿಚಯ ಅಲ್ವಾ."

"ನೀವೇ ಹೇಳಿ. ನಾನು ಜೊತೆಗೆ ಬರ್ತೀನಿ."

ಶನಿವಾರ ಬೆಳಗ್ಗೆ ಇಬ್ಬರೂ ಹೋದರು. ಸದಸ್ಯರು ಮೇಸ್ತ್ರಿಗಳನ್ನು ಕಂಡು ಎದ್ದು ನಿಂತು, ಕುರ್ಚಿ ತೋರಿಸಿ, "ಹೇಳಿ, ಏನಂತಾರೆ ನಿಮ್ಮ ಎರಡು ಸಾವಿರ?" ಎಂದರು.

ಮೇಸ್ತ್ರಿಗಳು ಕುರ್ಚಿಯನ್ನು ಹೊಲಿಗೆಯಕ್ಕನ ಕಡೆ ಸರಿಸಿ, ತಾವು ಗೋಡೆಗೊರಗಿ ನಿಂತರು. ಹೊಲಿಗೆಯಕ್ಕ ಉಸಿರು ಸುಧಾರಿಸಿಕೊಳ್ಳುವವರೆಗೆ ಸದಸ್ಯರು ಕಾಯಬೇಕಾಯಿತು.

"ಚಿಕಿತ್ಸಾಲಯದಲ್ಲಿ ಬೆಂಚಿಲ್ಲ," ಎಂದರು ಅವರು. "ನಾಲ್ಕು ಬೆಂಚು ಬೇಕು. ನೆರಳಿರೋ ಕಡೆ ಹಾಕಿಸಿ."

ಐದು ಬೇಕು ಎಂದು ಮೇಸ್ತ್ರಿಗಳಿಗೆ ಅನ್ನಿಸಿತು. ಅವರು ಬಾಯಿ ತೆರೆಯಲಿಲ್ಲ.